ನಾಲ್ಕು ತಿಂಗಳ ಹಗ್ಗ

ಬಾ ಇಲ್ಲಿ ಬಾಂಗ್ಡ್ಯಾ, ಕತ್ತು ಕೊಡು.
ಪುಷ್ಯ ಹುಟ್ಟಿತು ಇವತ್ತು.
ಈ ಹಗ್ಗ ಅಂಗಡಿಯದಲ್ಲ,
ದೇವಬಾಗದ ದಂಡೆಗೆ ಬಂದು ಬಿದ್ದ ಟ್ರಾಲರ್ ಬಲೆಯದು,
ಹಸಿರು ನೈಲಾನು. ಬಂಡೆಗೆ ಸುತ್ತಿಕೊಂಡು
ಎಷ್ಟು ಮಳೆಗಾಲ ಯಾರಿಗೂ ಬೇಡದ ಮೀನು ಕೊಂದಿತ್ತೋ.
ಎಳೆ ಬಿಡಿಸಿ, ಬಿಸಿನೀರಲ್ಲಿ ಉಪ್ಪು ಕಳೆದು
ಮೂರು ಕಾಲಿನ ಜಡೆ ಹೆಣೆದಿದ್ದೇನೆ.
ಕತ್ತಿಗೆ ಒರಟಾಗಬಾರದೆಂದು
ಒಳಗೆ ನನ್ನ ಹಳೆಯ ವಾಯಲ್ ಸೀರೆಯ ಅಂಚು.

ಮುಖ ತಿರುಗಿಸಬೇಡ.
ಹೋದ ವರ್ಷದ್ದು ನೀನು ಮರೆತಿದ್ದೀ,
ನಾನು ಮರೆತಿಲ್ಲ.
ಬೆಳಿಗ್ಗೆ ಐದಕ್ಕೆ ಬಾಗಿಲಲ್ಲಿ ನಿಂತಿದ್ದೆ ಬಾಲ ಆಡಿಸುತ್ತ,
ಮೂತಿಯ ತುಂಬ ಮರಳು, ಮೀಸೆಯಲ್ಲಿ ಹಳದಿ ಅಂಟು.
ಪಿಂಗ್‌ಪಾಂಗ್ ಚೆಂಡಿನಂಥ ಒಂದು ಮೊಟ್ಟೆ
ಹಲ್ಲು ತಾಗಿಸದೆ, ಜೋಪಾನವಾಗಿ
ನನ್ನ ಕಾಲ ಬಳಿ ಇಟ್ಟೆ.
ನನಗೆಂದು ತಂದದ್ದು.

ಗಾಳಿಮರಗಳ ಕೆಳಗೆ ಹೋಗಿ ನೋಡಿದರೆ
ನೂರರ ಲೆಕ್ಕ. ಸಿಪ್ಪೆ, ನೊಣ, ಕಾಗೆ.
ಫಾರೆಸ್ಟಿನ ವಾಚರ್ ಉಲ್ಲಾಸ ತಾಂಡೇಲ
ಗುರುತಿಗೆ ನೆಟ್ಟ ಕೋಲು ಒಂದು ಕಡೆ ವಾಲಿತ್ತು.
"ಯಾರ ನಾಯಿ ಅಕ್ಕಾ?"
ಬೀದಿಯದಿರಬೇಕು, ಅಂದೆ.
ಇಷ್ಟು ವರ್ಷ ನನ್ನ ಜೊತೆಗಿದ್ದೂ
ನೀನು ಕಲಿಯದೆ ಉಳಿದದ್ದು ಅದೊಂದು.

ಪ್ರೀತಿ ಇಲ್ಲವೆಂದಲ್ಲವೋ.
ತಂಗಿಯ ಮಗಳು ಪ್ರಣಾಲಿ ಕಾರವಾರದ ಪೇಟೆಯಿಂದ
ಪ್ಯಾಕೆಟ್ಟು ತಂದಿದ್ದಳು, ನೆನಪುಂಟಾ,
ಮೇಲೆ ಚಿನ್ನದ ಬಣ್ಣದ ನಾಯಿ, ನಗುತ್ತಿತ್ತು.
"ಸಮುದ್ರದ ಮೀನಿನದು ಮೌಶಿ, ರೋಮ ಹೊಳೀತದೆ."
ಬೈತಖೋಲದ ಜೆಟ್ಟಿಯಲ್ಲಿ
ಬೆರಳುದ್ದ ಬೆಳೆಯದ ತಾರ್ಲೆ ಮರಿಗಳನ್ನು
ಸಲಿಕೆಯಲ್ಲಿ ಎತ್ತಿ ಲಾರಿಗೆ ತುಂಬುತ್ತಾರೆ,
ಯಾವುದೋ ಊರಲ್ಲಿ ಪುಡಿ,
ಇನ್ಯಾವುದೋ ಊರಲ್ಲಿ ಬಿಸ್ಕಿಟ್ಟು,
ನಮ್ಮ ಕಡಲೇ ನಮ್ಮ ಹೊಸ್ತಿಲಿಗೆ
ಕಿಲೋಗೆ ಮುನ್ನೂರೈವತ್ತಾಗಿ ವಾಪಸು.
ಎರಡು ದಿನ ತಿಂದೆ. ಮೂರನೆಯ ದಿನ
ಬಟ್ಟಲು ಬೋರಲು ಹಾಕಿ
ನನ್ನ ಮೀನಿನ ಬುಟ್ಟಿಗೇ ಬಂದೆ.
ಆ ಖಾಲಿ ಪ್ಯಾಕೆಟ್ಟು ಸೋರುವ ಹಂಚಿನ ಕೆಳಗೆ
ಇನ್ನೂ ಇದೆ. ನೀನು ಹೋದ ಮೇಲೂ ಇರುತ್ತದೆ,
ನಾನು ಹೋದ ಮೇಲೂ,
ಆ ನಾಯಿ ನಗುತ್ತಲೇ ಇರುತ್ತದೆ.

ನಿನಗೆ ನಮ್ಮ ಗಂಜಿಯೇ ಸೈ.
ನುಚ್ಚಕ್ಕಿ, ಮಾರ್ಕೆಟ್ಟಿನ ಶೇವಂತಿಬಾಯಿ
ಬಿಸಾಡದೆ ಎತ್ತಿಟ್ಟ ತಲೆ, ಬಾಲ,
ಚೂರು ಅರಿಶಿನ, ಉಪ್ಪಿಲ್ಲ,
ಮುಳ್ಳು ಕರಗುವವರೆಗೆ ತೆಂಗಿನ ಸೋಗೆಯ ಬೆಂಕಿ.
ಉಣ್ಣಿಗೆ ಹೊಂಗೆ ಎಣ್ಣೆ, ಜೊತೆಗೆ ನನ್ನ ಎರಡು ಉಗುರು.
ಹಿತ್ತಲಲ್ಲಿ ನೀನು ಮಾಡಿದ್ದೆಲ್ಲ
ಗುಂಡಿಯಲ್ಲಿ ಗಾಳಿಮರದ ತರಗು ಹೊದ್ದು ಮಲಗಿ
ದಾಸವಾಳವಾಗುತ್ತದೆ. ಬಸಳೆಗೆ ಹಾಕುವುದಿಲ್ಲ,
ಅಷ್ಟು ಬುದ್ಧಿ ಉಂಟು ನನಗೆ.

ಹಗಲು ನಿನ್ನದು, ಓಡು.
ರಾತ್ರಿ ಮಾತ್ರ ಮಂಚದ ಕಾಲು. ಚೈತ್ರ ಮುಗಿಯಲಿ.
ಊಳಿಡುವುದಾದರೆ ಇಡು,
ನೆರೆಮನೆಯ ಬೈಗುಳ ನಾನು ತಿನ್ನುತ್ತೇನೆ.

*

ಮಾಘದ ಒಂದು ನಡುರಾತ್ರಿ, ನಿದ್ದೆ ಬಾರದೆ
ಇಬ್ಬರೂ ದಂಡೆಗೆ ಹೋದೆವು, ನಡುವೆ ಈ ಹಗ್ಗ.
ಮರಳಲ್ಲಿ ಟ್ರ್ಯಾಕ್ಟರ್ ಗಾಲಿಯಂಥ ಗುರುತು,
ನೀರಿನಿಂದ ಮೇಲಕ್ಕೆ, ಒಂದೇ ಸಾಲು.
ಇಳಿದ ಗುರುತಿಲ್ಲ.
ಅವಳು ಅಲ್ಲೇ ಇದ್ದಳು. ಹಿಂಗಾಲಲ್ಲಿ ಮರಳು ತೋಡಿ
ಬೆನ್ನಿಗೆ ಎರಚಿಕೊಳ್ಳುತ್ತ, ಏದುಸಿರು ಬಿಡುತ್ತ,
ಕಣ್ಣಲ್ಲಿ ಉಪ್ಪುನೀರು.
ನಾನು ಕೂತೆ. ನೀನು ಕೂರಲಿಲ್ಲ.
ಬೊಗಳಲೂ ಇಲ್ಲ, ಮೂಗು ಮಾತ್ರ ನಡುಗುತ್ತಿತ್ತು,
ಆ ನಡುಕ ಹಗ್ಗದಲ್ಲಿ ಹರಿದು
ನನ್ನ ಅಂಗೈಗೆ ಬರುತ್ತಿತ್ತು.

ಉಲ್ಲಾಸನಿಗೆ ಫೋನು ಹಚ್ಚಿದೆ.
ಗೂಡು ಸಿಕ್ಕಿದೆ ಅಂದೆ. ಆಮೇಲೆ,
ಹೋದ ವರ್ಷದ್ದು ನನ್ನ ನಾಯಿ, ಅಂದೆ.
ಅಲೆ ಎರಡು ಸಲ ಬಂದು ಹೋಯಿತು.
ಯಾವ ಮರದ ಹತ್ತಿರ, ಅಂತ ಮಾತ್ರ ಕೇಳಿದ.

ನಾನು ಮರ ಎಣಿಸುತ್ತಿದ್ದೆ.
ನೀನು ಎಳೆಯುತ್ತಲೇ ಇದ್ದೆ.